ಕೀಲಿಕೈ ಕೊಡುವ ಮೊದಲು ಲೆಕ್ಕ ಕಲಿಸಿ: ನರ್ಸ್‌ಗಳನ್ನು ಆಡಳಿತಕ್ಕೆ ತರುವವರಿಗೆ ಒಂದು ಬಹಿರಂಗ ಪತ್ರ

ಆಸ್ಪತ್ರೆಗಳ ಆಡಳಿತ ಮಂಡಳಿಗಳ ಸದಸ್ಯರಿಗೆ,
ನರ್ಸಿಂಗ್ ಕಾಲೇಜುಗಳಲ್ಲಿ ಸ್ನಾತಕೋತ್ತರ ಪಠ್ಯಕ್ರಮ ರೂಪಿಸುವವರಿಗೆ,

ಮಾನ್ಯರೇ,

ನನ್ನನ್ನು ವಾರ್ಡಿನ ಇನ್‌ಚಾರ್ಜ್ ಮಾಡಿದ ಸಂಜೆ ನನ್ನ ಕೈಗೆ ಬಂದದ್ದು ಮೂರೇ ವಸ್ತುಗಳು: ಮಾದಕ ಔಷಧಿಗಳ ಕಪಾಟಿನದೂ ಸೇರಿ ಹನ್ನೊಂದು ಕೀಲಿಕೈಗಳ ಗೊಂಚಲು, ಬೆನ್ನು ಕಿತ್ತುಹೋದ ಸ್ಟಾಕ್ ರಿಜಿಸ್ಟರ್, ಮುಂದಿನ ತಿಂಗಳ ಖಾಲಿ ಪಾಳಿ ಪಟ್ಟಿ. ನಿವೃತ್ತರಾಗುತ್ತಿದ್ದ ಹಿರಿಯ ಸಿಸ್ಟರ್ ಹೆಗಲು ತಟ್ಟಿ, "ಹನ್ನೆರಡು ವರ್ಷದಿಂದ ನೋಡುತ್ತಿದ್ದೀಯ, ಎಲ್ಲ ತಾನಾಗಿಯೇ ಗೊತ್ತಾಗುತ್ತದೆ" ಎಂದರು. ಅವರಿಗೂ ಯಾರೋ ಹಾಗೆಯೇ ಹೇಳಿದ್ದಿರಬೇಕು. ಹನ್ನೆರಡು ವರ್ಷ ನಾನು ನೋಡಿದ್ದು ರೋಗಿಗಳನ್ನು. ಗಾಯ ಮಾಯುತ್ತಿದೆಯೋ ಕೀವಾಗುತ್ತಿದೆಯೋ ಎಂಬುದನ್ನು ಬ್ಯಾಂಡೇಜ್ ಬಿಚ್ಚುವ ಮೊದಲೇ ವಾಸನೆಯಿಂದ ಹೇಳಬಲ್ಲವಳಾಗಿದ್ದೆ. ಬಜೆಟ್ ಪತ್ರಕ್ಕೆ ವಾಸನೆ ಇರಲಿಲ್ಲ.

ಆ ಬಡ್ತಿಯಿಂದ ಆಸ್ಪತ್ರೆಗೆ ಆದದ್ದು ಇಷ್ಟು: ಒಬ್ಬ ಒಳ್ಳೆಯ ನರ್ಸ್ ಹಾಸಿಗೆಯ ಪಕ್ಕದಿಂದ ಹೋದಳು, ಒಬ್ಬ ತಡವರಿಸುವ ಮೇಲ್ವಿಚಾರಕಿ ಮೇಜಿನ ಹಿಂದೆ ಬಂದು ಕುಳಿತಳು. ಎರಡೂ ಕಡೆ ನಷ್ಟ. ಅನಂತರ ಕೆಲಸ ಮಾಡುತ್ತಲೇ ನರ್ಸಿಂಗ್ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಓದಿದೆ. ಆ ಓದು ನನಗೆ ಏನು ಕೊಟ್ಟಿತು, ಏನನ್ನು ಕೊಡಲಿಲ್ಲ, ಓದಿ ಬಂದ ಮೇಲೂ ನೀವು ಏನನ್ನು ಕೊಡಲಿಲ್ಲ ಎಂಬುದನ್ನು ಬರೆಯಲು ಈ ಪತ್ರ.

ಮೊದಲು ಒಂದು ಸಭೆಯ ವಿಷಯ. ಇನ್‌ಚಾರ್ಜ್ ಆದ ಎರಡನೆಯ ವರ್ಷ ಹಣಕಾಸು ವಿಭಾಗದ ಮುಂದೆ ನನ್ನ ವಾರ್ಡಿಗೆ ಇನ್ನಷ್ಟು ನರ್ಸ್‌ಗಳು ಬೇಕೆಂದು ಕೇಳಿದೆ. ಮೇಜಿನ ಆ ಬದಿಯಲ್ಲಿದ್ದವರು ಸೌಜನ್ಯದಿಂದಲೇ ಕೇಳಿದರು: "ಒಂದು ಪಾಳಿಗೆ ನಿಮಗೆ ಎಷ್ಟು ಜನ ಬೇಕು?" ಆರು ಎಂದೆ. "ದಿನಕ್ಕೆ ಮೂರು ಪಾಳಿ. ಆರು ಮೂರಲಿ ಹದಿನೆಂಟು. ನಿಮ್ಮ ಬಳಿ ಇಪ್ಪತ್ತೊಂದು ಜನ ಇದ್ದಾರಲ್ಲ, ಮೂವರು ಹೆಚ್ಚೇ ಆಯಿತು" ಎಂದರು. ನನ್ನ ಬಾಯಿಗೆ ಬೀಗ ಬಿತ್ತು. ಏನೋ ತಪ್ಪಿದೆ ಎಂದು ಮೈಯೆಲ್ಲ ಹೇಳುತ್ತಿತ್ತು; ವಾರ್ಡಿನಲ್ಲಿ ಯಾರೂ ನಿದ್ದೆ ಮಾಡಿಲ್ಲ, ಯಾರಿಗೂ ರಜೆ ಸಿಕ್ಕಿಲ್ಲ ಎಂಬುದು ಗೊತ್ತಿತ್ತು. ತಪ್ಪು ಎಲ್ಲಿದೆ ಎಂದು ತೋರಿಸಲು ಗೊತ್ತಿರಲಿಲ್ಲ. "ತುಂಬಾ ಕಷ್ಟವಾಗುತ್ತಿದೆ ಸಾರ್" ಎಂದಷ್ಟೇ ಹೇಳಿ ಎದ್ದು ಬಂದೆ. ಲೆಕ್ಕದ ಎದುರು ಕಷ್ಟ ನಿಲ್ಲುವುದಿಲ್ಲ.

ಆ ತಪ್ಪನ್ನು ತರಗತಿಯಲ್ಲಿ ಒಬ್ಬ ಅಧ್ಯಾಪಕಿ ಒಂದೇ ಮಧ್ಯಾಹ್ನದಲ್ಲಿ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದರು. ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 40 ಗಂಟೆ ದುಡಿಯುತ್ತಾಳೆ ಎಂದುಕೊಂಡರೆ, ಹಗಲೂ ರಾತ್ರಿಯೂ ಒಂದೇ ಒಂದು ಜಾಗ ಖಾಲಿ ಬೀಳದಂತೆ ನೋಡಿಕೊಳ್ಳಲು 4.2 ಜನ ಬೇಕು. ಮೂರಲ್ಲ. ಏಕೆಂದರೆ ವಾರಕ್ಕೆ ಏಳು ದಿನ, ಮನುಷ್ಯರಿಗೆ ವಾರದ ರಜೆ ಇದೆ. ಇನ್ನು ವರ್ಷದ ಲೆಕ್ಕಕ್ಕೆ ಬನ್ನಿ. ವರ್ಷಕ್ಕೆ 8,760 ಗಂಟೆ. ಒಬ್ಬಳ ಸಂಬಳದ ಗಂಟೆಗಳು 2,080. ಅದರಲ್ಲಿ ಗಳಿಕೆ ರಜೆ, ಕಾಯಿಲೆ, ಹಬ್ಬ, ತರಬೇತಿ ಎಂದು 300 ಗಂಟೆ ಹೋದರೆ ವಾರ್ಡಿಗೆ ನಿಜವಾಗಿ ಸಿಗುವುದು 1,780. ಈಗ ಭಾಗಿಸಿದರೆ ಒಂದು ಜಾಗಕ್ಕೆ 4.9 ಜನ. ಆರು ಜಾಗಕ್ಕೆ ಹತ್ತಿರ ಹತ್ತಿರ ಮೂವತ್ತು. ನನ್ನ ಬಳಿ ಇದ್ದದ್ದು ಇಪ್ಪತ್ತೊಂದು. "ಮೂವರು ಹೆಚ್ಚು" ಎನಿಸಿಕೊಂಡದ್ದೂ ಇದೇ ಇಪ್ಪತ್ತೊಂದು.

ನನ್ನ ಸಹಪಾಠಿಗಳು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದರು. ನನಗೆ ಕಾಣುತ್ತಿದ್ದುದು ನಾನು ರಜೆ ನಿರಾಕರಿಸಿದವರ ಮುಖಗಳು. ತಂಗಿಯ ಮದುವೆಗೆ ಎರಡು ದಿನ ಕೇಳಿದವಳು. ಜ್ವರವಿದ್ದರೂ ರಾತ್ರಿ ಪಾಳಿಗೆ ಬಂದವಳು, ಏಕೆಂದರೆ ಬಾರದಿದ್ದರೆ ನಾನು ಮುಖ ಗಂಟಿಕ್ಕುತ್ತಿದ್ದೆ. ಆ ಎರಡು ವರ್ಷ ಅವರನ್ನೆಲ್ಲ ಮೈಗಳ್ಳರೆಂದು ನಾನು ಒಳಗೊಳಗೇ ಬೈದುಕೊಂಡಿದ್ದೆ. ಮೂವತ್ತು ಜನರ ಕೆಲಸವನ್ನು ಇಪ್ಪತ್ತೊಂದು ಜನ ಮಾಡುತ್ತಿದ್ದರು, ಇನ್‌ಚಾರ್ಜ್ ಎನಿಸಿಕೊಂಡವಳಿಗೆ ಅದನ್ನು ಹೇಳಲು ಬೇಕಾದ ಭಾಗಾಕಾರ ಗೊತ್ತಿರಲಿಲ್ಲ. ಆ ಭಾಗಾಕಾರವನ್ನು ಹಣಕಾಸಿನವರೂ ಮಾಡಿರಲಿಲ್ಲ ಎಂಬುದು ಬೇರೆ ಮಾತು. ಅವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಪಾಳಿ ಎಂದರೇನು ಎಂದು ಗೊತ್ತಿಲ್ಲದವರು ಹಾಗೆಯೇ ಗುಣಿಸುತ್ತಾರೆ. ಅವರಿಗೆ ತಿಳಿಸಬೇಕಾದವಳು ನಾನಾಗಿದ್ದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿಗಳ ಸಂಖ್ಯೆಯನ್ನು ನಡುರಾತ್ರಿ ಎಣಿಸುತ್ತಾರೆ. ಆ ಸಂಖ್ಯೆಯಿಂದ ನರ್ಸಿಂಗ್ ಗಂಟೆಗಳನ್ನು ಭಾಗಿಸಿ, ಒಬ್ಬ ರೋಗಿಗೆ ದಿನಕ್ಕೆ ಇಷ್ಟು ಗಂಟೆಯ ಆರೈಕೆ ಸಿಕ್ಕಿತು ಎನ್ನುತ್ತಾರೆ. ಇಪ್ಪತ್ತನಾಲ್ಕು ಹಾಸಿಗೆಯ ಒಂದು ವಾರ್ಡನ್ನು ಊಹಿಸಿಕೊಳ್ಳಿ. ನಿನ್ನೆ ನಡುರಾತ್ರಿ ಇಪ್ಪತ್ತೆರಡು ಜನ, ಇಂದು ನಡುರಾತ್ರಿಯೂ ಇಪ್ಪತ್ತೆರಡು ಜನ. ಕಾಗದದ ಮೇಲೆ ಏನೂ ನಡೆದಿಲ್ಲ. ಆದರೆ ಹಗಲಿನಲ್ಲಿ ಏಳು ಜನ ಮನೆಗೆ ಹೋದರು, ಏಳು ಜನ ಹೊಸಬರು ಬಂದರು. ಹೋಗುವವರಿಗೆ ಮಾತ್ರೆ ವಿವರಿಸಬೇಕು, ಗಾಯ ನೋಡಿಕೊಳ್ಳುವುದನ್ನು ಮನೆಯವರಿಗೆ ಕಲಿಸಬೇಕು, ಮುಂದಿನ ಭೇಟಿಯ ಚೀಟಿ ಬರೆಯಬೇಕು. ಬರುವವರ ಇತಿಹಾಸ ಕೇಳಬೇಕು, ಅಲರ್ಜಿ ಕೇಳಬೇಕು, ಮನೆಯಲ್ಲಿ ನುಂಗುತ್ತಿದ್ದ ಔಷಧಿಗಳನ್ನು ಇಲ್ಲಿನ ಔಷಧಿಗಳೊಂದಿಗೆ ತಾಳೆ ನೋಡಬೇಕು, ಹೆದರಿದವರ ಕೈ ಹಿಡಿಯಬೇಕು. ವಾರ್ಡು ಆ ದಿನ ಇಪ್ಪತ್ತೊಂಬತ್ತು ಜನರನ್ನು ನೋಡಿಕೊಂಡಿತು. ಎಲ್ಲಕ್ಕಿಂತ ಹೆಚ್ಚು ಕೆಲಸ ಬೇಡುವ ಗಂಟೆಗಳು, ಎಂದರೆ ಬರುವ ಗಂಟೆ ಮತ್ತು ಹೋಗುವ ಗಂಟೆ, ನಡುರಾತ್ರಿಯ ಎಣಿಕೆಗೆ ಕಾಣುವುದೇ ಇಲ್ಲ. ರೋಗಿಗಳನ್ನು ಬೇಗ ಮನೆಗೆ ಕಳುಹಿಸುವ ದಕ್ಷ ಆಸ್ಪತ್ರೆಯಲ್ಲಿ ಈ ಕುರುಡು ಇನ್ನೂ ದೊಡ್ಡದು. ಇದನ್ನು ಹೊರಗಿನಿಂದ ಬಂದ ಆಡಳಿತ ತಜ್ಞರು ಗುರುತಿಸುವುದು ಕಷ್ಟ. ಹಾಸಿಗೆಯ ಪಕ್ಕದಲ್ಲಿ ನಿಂತವಳಿಗೆ ಗೊತ್ತಿರುತ್ತದೆ, ಹೇಳುವ ಭಾಷೆ ಇರುವುದಿಲ್ಲ. ಎರಡೂ ಒಬ್ಬಳಲ್ಲೇ ಕೂಡಬೇಕು. ಸ್ನಾತಕೋತ್ತರ ಶಿಕ್ಷಣದಿಂದ ನಾನು ಬೇಡುವುದು ಇದನ್ನೇ.

ಅಂಕಿಗಳ ಮಾತು ಸಾಕು, ಒಂದು ತಪ್ಪೊಪ್ಪಿಗೆಗೆ ಬರುತ್ತೇನೆ.

ಒಂದು ರಾತ್ರಿ ನನ್ನ ವಾರ್ಡಿನ ಕಿರಿಯ ನರ್ಸ್ ಒಬ್ಬಳು ಸಾಂದ್ರ ಪೊಟ್ಯಾಸಿಯಂ ಕ್ಲೋರೈಡಿನ ಆಂಪೂಲನ್ನು ಬೇರೊಂದು ಔಷಧಿ ಎಂದುಕೊಂಡು ಸಿರಿಂಜಿಗೆ ಎಳೆದುಕೊಂಡಳು. ಎರಡೂ ಆಂಪೂಲುಗಳು ಒಂದೇ ಗಾತ್ರ, ಒಂದೇ ಬಣ್ಣದ ಅಕ್ಷರ, ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ. ಚುಚ್ಚುವ ಮೊದಲು ಅವಳಿಗೇ ಸಂಶಯ ಬಂದು ಮತ್ತೊಮ್ಮೆ ಓದಿದಳು. ರೋಗಿಗೆ ಏನೂ ಆಗಲಿಲ್ಲ. ಸಾಂದ್ರ ರೂಪದಲ್ಲಿ ನೇರವಾಗಿ ರಕ್ತನಾಳಕ್ಕೆ ಹೋಗಿದ್ದರೆ ಹೃದಯ ನಿಲ್ಲುತ್ತಿತ್ತು. ಬೆಳಿಗ್ಗೆ ಅವಳು ತಾನಾಗಿಯೇ ಬಂದು ನನಗೆ ಹೇಳಿದಳು. ನಾನು ಮೆಮೊ ಕೊಟ್ಟೆ. ಎಲ್ಲರೆದುರು ವಿವರಣೆ ಬರೆಸಿದೆ. ಬೇರೆ ವಾರ್ಡಿಗೆ ವರ್ಗ ಮಾಡಿಸಿದೆ. ಕಠಿಣ ಮೇಲ್ವಿಚಾರಕಿ ಎಂಬ ಹೆಸರು ಬಂತು. ಮುಂದಿನ ಎಂಟು ತಿಂಗಳು ನನ್ನ ವಾರ್ಡಿನ ಅವಘಡ ರಿಜಿಸ್ಟರಿನಲ್ಲಿ ಒಂದೇ ಒಂದು ದಾಖಲೆ ಇರಲಿಲ್ಲ. ಅದನ್ನು ನಾನು ಸಭೆಗಳಲ್ಲಿ ಹೆಮ್ಮೆಯಿಂದ ತೋರಿಸಿದೆ.

ರೋಗಿ ಸುರಕ್ಷತೆಯ ಪಾಠದಲ್ಲಿ ಅಧ್ಯಾಪಕಿ ಕೇಳಿದ ಪ್ರಶ್ನೆ: "ಖಾಲಿ ರಿಜಿಸ್ಟರ್ ನೋಡಿದರೆ ನಿಮಗೆ ಏನು ಅನಿಸಬೇಕು?" ತಪ್ಪುಗಳು ನಿಂತಿವೆ ಎಂದು ನಾವು ಉತ್ತರಿಸಿದೆವು. ಹೇಳುವುದು ನಿಂತಿದೆ ಎಂದು ಅವರು ತಿದ್ದಿದರು. ಅಂದು ನಾನು ಮನೆಗೆ ಹೇಗೆ ಹೋದೆನೋ ನೆನಪಿಲ್ಲ. ಅದೇ ಪಾಠದಲ್ಲಿ ತಿಳಿದದ್ದು: ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 1998ರಲ್ಲಿ ತನ್ನ ಎಚ್ಚರಿಕೆ ಪತ್ರಗಳ ಸರಣಿಯನ್ನು ಆರಂಭಿಸಿದಾಗ ಮೊತ್ತಮೊದಲ ಪತ್ರ ಇದೇ ಪೊಟ್ಯಾಸಿಯಂ ಕ್ಲೋರೈಡಿನ ಕುರಿತಾಗಿತ್ತು. ಅದು ಕೊಟ್ಟ ಪರಿಹಾರ ನರ್ಸ್‌ಗಳು ಎಚ್ಚರದಿಂದಿರಲಿ ಎಂಬುದಲ್ಲ, ಸಾಂದ್ರ ಆಂಪೂಲುಗಳು ವಾರ್ಡಿನಲ್ಲೇ ಇರದಂತೆ ನೋಡಿಕೊಳ್ಳಿ ಎಂಬುದು. ತಟ್ಟೆಯನ್ನು ಬದಲಿಸಬೇಕಿತ್ತು, ನಾನು ಹುಡುಗಿಯನ್ನು ಬದಲಿಸಿದೆ. ಆ ತಟ್ಟೆಯಲ್ಲಿ ಆ ಎರಡು ಆಂಪೂಲುಗಳು ಅನಂತರವೂ ಅಕ್ಕಪಕ್ಕವೇ ಇದ್ದವು. ಹೇಳಿಕೊಂಡ ಅವಳಿಗೆ ನಾನು ಋಣಿಯಾಗಿರಬೇಕಿತ್ತು. ಬಹಳ ತಡವಾಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸಿಸ್ಟರ್" ಎಂದಳು. ಪರವಾಗಿತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ನರ್ಸ್‌ಗೆ ಆಡಳಿತದ ಉನ್ನತ ಓದು ಏಕೆ, ಅದೊಂದು ಹೊಸ ಕಾಲದ ಹುಚ್ಚಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳುವುದನ್ನು ಕೇಳಿದ್ದೇನೆ. ಇದು ಹೊಸದೇನಲ್ಲ. 1899ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ತರಬೇತಿ ಮುಗಿಸಿದ ನರ್ಸ್‌ಗಳಿಗಾಗಿ ಒಂದು ಕೋರ್ಸ್ ಆರಂಭವಾಯಿತು. ಇಸಾಬೆಲ್ ಹ್ಯಾಂಪ್ಟನ್ ರಾಬ್ ಅದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರು. ಕೋರ್ಸಿನ ಹೆಸರು ಕೇಳಿ: ಆಸ್ಪತ್ರೆ ಅರ್ಥಶಾಸ್ತ್ರ. ನರ್ಸ್‌ಗಳು ವಿಶ್ವವಿದ್ಯಾಲಯದ ಬಾಗಿಲು ತಟ್ಟಿದ್ದೇ ಆಸ್ಪತ್ರೆಗಳನ್ನೂ ತರಬೇತಿ ಶಾಲೆಗಳನ್ನೂ ನಡೆಸುವುದನ್ನು ಕಲಿಯಲು. ಅದೇ ಕಾಲೇಜಿನಲ್ಲಿ 1907ರಲ್ಲಿ ಮೇರಿ ಅಡಿಲೇಡ್ ನಟಿಂಗ್ ಪ್ರಾಧ್ಯಾಪಕಿಯಾದರು. ಜಗತ್ತಿನಲ್ಲಿ ಆ ಹುದ್ದೆಗೇರಿದ ಮೊದಲ ನರ್ಸ್ ಅವರು. ಅದಕ್ಕೂ ಹಿಂದೆ, 1858ರಲ್ಲಿ, ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡದ್ದು ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸಾಯುತ್ತಿದ್ದಾರೆ ಎಂದು ಅವರು ಬಣ್ಣದ ನಕ್ಷೆಗಳಲ್ಲಿ ಬರೆದು ಮಂತ್ರಿಗಳ ಮುಂದಿಟ್ಟರು. ನಾವು ಅವರ ದೀಪವನ್ನು ಪ್ರತಿಜ್ಞಾ ಸಮಾರಂಭಗಳಿಗೆ ಇಟ್ಟುಕೊಂಡೆವು, ನಕ್ಷೆಗಳನ್ನು ಮರೆತೆವು. ದೀಪ ಹಿಡಿಯುವವಳು ಪ್ರಶ್ನೆ ಕೇಳುವುದಿಲ್ಲ, ಅದಕ್ಕೇ ಅವಳು ಎಲ್ಲರಿಗೂ ಇಷ್ಟ.

ಪುರಾವೆ ಕೇಳುವವರಿಗೆ: 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. (ವಾರದ ಗಂಟೆಗಳೂ 168. ಕಾಕತಾಳೀಯವೇ, ಆದರೆ ನನಗೆ ಮರೆಯುವುದಿಲ್ಲ.) ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುವುದು ಕಂಡುಬಂತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ ಅಧ್ಯಯನವೂ ಅದೇ ಶೇ. 7ನ್ನು ಕಂಡಿತು, ಜೊತೆಗೆ, ಪದವೀಧರ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದಲ್ಲಿ ಸಾವಿನ ಸಂಭವ ಶೇ. 7ರಷ್ಟು ಕಡಿಮೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇವು ಹಾಸಿಗೆಯ ಪಕ್ಕದ ನರ್ಸ್‌ಗಳ ಕುರಿತ ಅಧ್ಯಯನಗಳು, ಆಡಳಿತದ ಸ್ನಾತಕೋತ್ತರ ಪದವಿಯ ಕುರಿತವಲ್ಲ. ಒಂದರಿಂದ ಇನ್ನೊಂದು ಉಂಟಾಯಿತು ಎಂದು ಸಾಧಿಸುವ ಪ್ರಯೋಗಗಳೂ ಅಲ್ಲ. ನನ್ನ ವಾದ ಇಷ್ಟೇ: ಪಾಳಿಯಲ್ಲಿ ಎಷ್ಟು ಜನ ಇರಬೇಕು, ಯಾರು ಇರಬೇಕು ಎಂಬ ನಿರ್ಧಾರ ಸಾವು ಬದುಕಿಗೆ ಇಷ್ಟು ಹತ್ತಿರವಾಗಿದ್ದರೆ, ಆ ನಿರ್ಧಾರ ಮಾಡುವವರು ಅದನ್ನು ಕಲಿತಿರಬೇಕು. ಅಮೆರಿಕದಲ್ಲಿ 1983ರಲ್ಲಿ ನರ್ಸ್‌ಗಳು ಬಿಟ್ಟುಹೋಗದೆ ಉಳಿಯುವ 41 ಆಸ್ಪತ್ರೆಗಳನ್ನು ಆರಿಸಿ ಅಧ್ಯಯನ ಮಾಡಿದಾಗ ಅಲ್ಲಿ ಮತ್ತೆ ಮತ್ತೆ ಕಂಡದ್ದರಲ್ಲಿ ಒಂದು, ನರ್ಸಿಂಗ್ ಮುಖ್ಯಸ್ಥರ ಗುಣಮಟ್ಟ. ಆ ಅಧ್ಯಯನದಿಂದ ಹುಟ್ಟಿದ, ಉತ್ತಮ ನರ್ಸಿಂಗ್ ಇರುವ ಆಸ್ಪತ್ರೆಗಳಿಗೆ ಕೊಡುವ ಮ್ಯಾಗ್ನೆಟ್ ಮಾನ್ಯತೆ ಬೇಕೆನ್ನುವ ಆಸ್ಪತ್ರೆಯ ಮುಖ್ಯ ನರ್ಸಿಂಗ್ ಅಧಿಕಾರಿಗೆ ಸ್ನಾತಕೋತ್ತರ ಪದವಿ ಇರಲೇಬೇಕು.

ಈಗ ಕಾಲೇಜುಗಳವರೊಡನೆ ಸ್ವಲ್ಪ ಜಗಳ.

ನೀವು ಕಲಿಸಿದ್ದರಲ್ಲಿ ನನ್ನನ್ನು ಬದಲಿಸಿದ್ದು ಮೇಲೆ ಹೇಳಿದ ಎರಡು ಮೂರು ಮಧ್ಯಾಹ್ನಗಳು. ಉಳಿದ ಬಹುಪಾಲು ದಿನ ನಾವು ನಾಯಕತ್ವದ ಶೈಲಿಗಳನ್ನು ಬಾಯಿಪಾಠ ಮಾಡಿದೆವು. ಪರಿವರ್ತನಾ ನಾಯಕತ್ವ, ವಿನಿಮಯ ನಾಯಕತ್ವ, ಸೇವಾ ನಾಯಕತ್ವ. ಪ್ರತಿಯೊಂದಕ್ಕೂ ಐದು ಲಕ್ಷಣ, ಐದು ಗುಣ, ಐದು ದೋಷ. ಹತ್ತು ಅಂಕದ ಪ್ರಶ್ನೆಗೆ ಪರಿವರ್ತನಾ ನಾಯಕತ್ವದ ಬಗ್ಗೆ ಚೆನ್ನಾಗಿ ಬರೆದವಳು ಮರುದಿನ ಕೂಗಾಡುವ ಹಿರಿಯ ವೈದ್ಯರ ಎದುರು ತುಟಿ ಬಿಚ್ಚದೆ ನಿಂತಿದ್ದನ್ನು ನೋಡಿದ್ದೇನೆ. ಅವಳು ನಾನೇ. ಆ ಸಂಭಾಷಣೆಯನ್ನು ತರಗತಿಯಲ್ಲಿ ಹತ್ತು ಸಲ ಅಭಿನಯಿಸಿ ನೋಡಿದ್ದರೆ ಎಷ್ಟೋ ಉಪಯೋಗವಾಗುತ್ತಿತ್ತು. ರಾಜೀನಾಮೆ ಕೊಡಲು ಬಂದವಳನ್ನು ಕೂರಿಸಿ ನಿಜವಾದ ಕಾರಣ ಕೇಳುವುದು ಹೇಗೆ, ಗೆಳತಿಯರಾಗಿದ್ದವರ ಕೆಲಸವನ್ನು ಅಳೆಯುವುದು ಹೇಗೆ, ಇವುಗಳಿಗೆ ಪಠ್ಯದಲ್ಲಿ ಅರ್ಧ ಪುಟವೂ ಇರಲಿಲ್ಲ.

ಕ್ಷೇತ್ರ ಅಭ್ಯಾಸದ ಗಂಟೆಗಳದು ಇನ್ನೊಂದು ಕಥೆ. ಒಬ್ಬ ಹಿರಿಯ ಅಧಿಕಾರಿಯ ಹಿಂದೆ ಸುತ್ತಿ, ಸಭೆಗಳಲ್ಲಿ ಮೂಲೆಯ ಕುರ್ಚಿಯಲ್ಲಿ ಕುಳಿತು, ದಿನಚರಿಗೆ ಸಹಿ ಹಾಕಿಸಿಕೊಂಡು ಬಂದೆವು. ಹೋದ ಪುಟ್ಟ, ಬಂದ ಪುಟ್ಟ. ಅಮೆರಿಕದ ನರ್ಸಿಂಗ್ ಕಾಲೇಜುಗಳ ಒಕ್ಕೂಟ 2006ರಲ್ಲಿ ಪ್ರಕಟಿಸಿದ ಮಾನದಂಡ ನರ್ಸಿಂಗ್ ವೃತ್ತಿಯ ಡಾಕ್ಟರೇಟಿಗೆ ಕನಿಷ್ಠ 1,000 ಗಂಟೆಗಳ ಅಭ್ಯಾಸ ಕೇಳಿತು. ಸಂಖ್ಯೆ ದೊಡ್ಡದೇ. ಆದರೆ ಗಂಟೆ ಎಣಿಸಿದರೆ ಸಾಲದು, ಆ ಗಂಟೆಗಳಲ್ಲಿ ಕೈಗೆ ಏನು ಮೆತ್ತಿಕೊಂಡಿತು ಎಂದು ನೋಡಬೇಕು. ವಿದ್ಯಾರ್ಥಿಯ ಕೈಗೆ ಒಂದು ನಿಜವಾದ ವಾರ್ಡಿನ ನಿಜವಾದ ಬಜೆಟ್ ಕೊಡಿ. ಮೂರು ತಿಂಗಳ ಪಾಳಿ ಪಟ್ಟಿ ಬರೆಸಿ, ಅದು ಎಲ್ಲಿ ಹರಿಯಿತು ಎಂದು ಆ ವಾರ್ಡಿನವರ ಎದುರೇ ಹೇಳಿಸಿ. ಒಂದು ಅವಘಡದ ಬೇರು ಹುಡುಕಿಸಿ, ಪರಿಹಾರ ಸೂಚಿಸಲು ಹೇಳಿ, ಆರು ತಿಂಗಳ ನಂತರ ಹೋಗಿ ಆ ಪರಿಹಾರ ಇನ್ನೂ ಉಸಿರಾಡುತ್ತಿದೆಯೇ ಎಂದು ನೋಡಿಸಿ. ಪ್ರಬಂಧಕ್ಕೆ ಇದೇ ಸಾಕು. ಇಂಥ ವಿಷಯದ ಬಗ್ಗೆ ಅಷ್ಟು ನರ್ಸ್‌ಗಳ ಜ್ಞಾನ ಮತ್ತು ಮನೋಭಾವ ಎಂಬ ಪ್ರಶ್ನಾವಳಿಯ ಪ್ರಬಂಧಗಳನ್ನು ಗ್ರಂಥಾಲಯಗಳು ಬೇಕಾದಷ್ಟು ನೋಡಿವೆ. ಯಾರ ಜ್ಞಾನವೂ ಅದರಿಂದ ಹೆಚ್ಚಾಗಲಿಲ್ಲ, ಯಾರ ಮನೋಭಾವವೂ ಬದಲಾಗಲಿಲ್ಲ.

ಇನ್ನೂ ಒಂದು ಮಾತು ಕೇಳಿಸಿಕೊಳ್ಳಿ. ಪಕ್ಕದ ಕಟ್ಟಡದಲ್ಲಿ ವ್ಯವಹಾರ ಆಡಳಿತ ಓದುವವರಿದ್ದರೆ ನಮ್ಮನ್ನೂ ಅವರನ್ನೂ ಕೆಲವು ವಿಷಯಗಳಿಗೆ ಒಂದೇ ತರಗತಿಯಲ್ಲಿ ಕೂರಿಸಿ. ನಾವು ಲೆಕ್ಕಪತ್ರದ ಭಾಷೆ ಕಲಿಯುತ್ತೇವೆ. ನಾಳೆ ಹಣಕಾಸು ವಿಭಾಗದಲ್ಲಿ ಕೂರುವ ಅವರು ಆರು ಮೂರಲಿ ಹದಿನೆಂಟು ಎಂದು ಗುಣಿಸದಿರಲು ಕಲಿಯುತ್ತಾರೆ. ಎರಡನೆಯ ಲಾಭವೇ ದೊಡ್ಡದಿರಬಹುದು.

ಆಡಳಿತ ಮಂಡಳಿಗಳವರೇ, ಈಗ ನಿಮ್ಮ ಸರದಿ.

ಪದವಿ ಪಡೆದು ಬಂದ ಮೇಲೆ ನಾನು ಕುಳಿತದ್ದು ಅದೇ ಕುರ್ಚಿಯಲ್ಲಿ. ಕುರ್ಚಿ ಎನ್ನುವುದೂ ಉತ್ಪ್ರೇಕ್ಷೆ. ಜನ ಕಡಿಮೆ ಇದ್ದ ದಿನಗಳಲ್ಲಿ, ಎಂದರೆ ಹೆಚ್ಚುಕಡಿಮೆ ಎಲ್ಲ ದಿನಗಳಲ್ಲಿ, ನನ್ನ ಪಾಲಿಗೂ ರೋಗಿಗಳಿದ್ದರು. ಇನ್‌ಚಾರ್ಜ್‌ಳನ್ನೂ ಪಾಳಿಯ ತಲೆಗಳಲ್ಲಿ ಎಣಿಸಿದರೆ ವಾರ್ಡನ್ನು ನೋಡಿಕೊಳ್ಳುವವರು ಯಾರು? ಇದು ನನ್ನೊಬ್ಬಳ ಗೊಣಗಾಟವಲ್ಲ. ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆ ಸಂಸ್ಥೆಯಲ್ಲಿ ರೋಗಿಗಳು ಅನುಭವಿಸಿದ ಘೋರ ನಿರ್ಲಕ್ಷ್ಯದ ವಿಚಾರಣೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ 290 ಶಿಫಾರಸುಗಳ ವರದಿ ಕೊಟ್ಟರು. ಗುರಿಗಳನ್ನೂ ಆಯವ್ಯಯವನ್ನೂ ನೋಡುತ್ತ ರೋಗಿಯನ್ನು ನೋಡುವುದನ್ನೇ ಮರೆತ ಸಂಸ್ಥೆಯ ಚಿತ್ರ ಅದರಲ್ಲಿದೆ. ಆ ಶಿಫಾರಸುಗಳಲ್ಲೊಂದು: ವಾರ್ಡಿನ ನರ್ಸ್ ಮ್ಯಾನೇಜರ್ ಮೇಲ್ವಿಚಾರಣೆಯನ್ನೇ ಮಾಡಬೇಕು, ಅವರನ್ನು ಕಚೇರಿಗೆ ಕಟ್ಟಿಹಾಕಬಾರದು, ತುರ್ತು ಸಂದರ್ಭ ಬಿಟ್ಟರೆ ಪಾಳಿಯ ಇನ್ನೊಬ್ಬ ನರ್ಸ್ ಆಗಿಯೂ ದುಡಿಸಿಕೊಳ್ಳಬಾರದು. ಅಷ್ಟು ನೋವು ಉಂಡ ಮೇಲೆ ಬರೆಯಬೇಕಾಗಿ ಬಂದ ಸಾಲು ಅದು.

ಮೇಲಿನ ಮಟ್ಟದಲ್ಲೂ ಇದೇ ಕಥೆ. 1983ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಡಳಿತವನ್ನು ಪರಿಶೀಲಿಸಿದ ರಾಯ್ ಗ್ರಿಫಿತ್ಸ್ ಸೂಪರ್‌ಮಾರ್ಕೆಟ್ ಸಂಸ್ಥೆಯೊಂದರಿಂದ ಬಂದವರು. ನೈಟಿಂಗೇಲ್ ಇಂದು ದೀಪ ಹಿಡಿದು ಈ ಪಡಸಾಲೆಗಳಲ್ಲಿ ನಡೆದರೆ, ಇಲ್ಲಿ ಹೊಣೆ ಹೊತ್ತವರು ಯಾರು ಎಂದು ಹುಡುಕುತ್ತಿರುತ್ತಾರೆ ಎಂಬ ಅರ್ಥದ ಮಾತು ಆ ವರದಿಯಲ್ಲಿದೆ. ಮಾತು ಚುರುಕಾಗಿತ್ತು. ಪರಿಣಾಮ ಮಾತ್ರ ವ್ಯಂಗ್ಯವಾಗಿತ್ತು: ಸಾಮಾನ್ಯ ವ್ಯವಸ್ಥಾಪಕರನ್ನು ನೇಮಿಸುವ ಭರದಲ್ಲಿ ನರ್ಸ್‌ಗಳು ಆಡಳಿತದ ಮೇಜಿನಿಂದ ಬದಿಗೆ ಸರಿದರು. ಅಲ್ಲಿನ ನರ್ಸ್‌ಗಳ ಸಂಘ 1986ರಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಬಾಲಮೂಳೆ ಯಾವುದು ತೋಳಿನ ಮೂಳೆ ಯಾವುದು ಎಂದು ತಿಳಿಯದವರು ನರ್ಸಿಂಗನ್ನು ನಡೆಸುವುದು ಏಕೆ ಎಂದು ಕೇಳಿತು. ನಾನಾಗಿದ್ದರೆ ಅಷ್ಟು ಒರಟಾಗಿ ಕೇಳುತ್ತಿರಲಿಲ್ಲ. ಬಜೆಟ್ಟಿನ ಯಾವ ಸಾಲು ಯಾವುದು ಎಂದು ನಮಗೂ ತಿಳಿದಿರಬೇಕು ಎಂದು ಸೇರಿಸುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನ ಆರೋಗ್ಯ ಕಾರ್ಯಕರ್ತರಲ್ಲಿ ಶೇ. 70ರಷ್ಟು ಮಹಿಳೆಯರು, ಹಿರಿಯ ಸ್ಥಾನಗಳಲ್ಲಿ ಅವರು ಶೇ. 25. ನರ್ಸಿಂಗ್ ಮುಖ್ಯಸ್ಥೆಯನ್ನು ಸಭೆಗೆ "ಮಾಹಿತಿ ನೀಡಲು" ಕರೆದು, ಮಾಹಿತಿ ಪಡೆದು, ಮತ ಹಾಕುವ ಹೊತ್ತಿಗೆ ಹೊರಗೆ ಕಳುಹಿಸುವ ಪದ್ಧತಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಆ ಶೇ. 25ರ ವಿವರಣೆ ಸಿಗುತ್ತದೆ.

ನೀವು ಹೇಳುವ ಆಕ್ಷೇಪಣೆಗಳು ನನಗೆ ಗೊತ್ತು. ಓದಲು ಕಳುಹಿಸಿದರೆ ಓದಿ ಬೇರೆಡೆಗೆ ಹೋಗುತ್ತಾರೆ ಎನ್ನುತ್ತೀರಿ. ಕೆಲವರು ಹೋಗುತ್ತಾರೆ, ನಿಜ. ಓದಿಸದೆ ಇಟ್ಟುಕೊಂಡವರೂ ಹೋಗುತ್ತಿದ್ದಾರೆ. ಅವರನ್ನು ಕಳುಹಿಸುತ್ತಿರುವುದು ನಿಮ್ಮ ಪಾಳಿ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ನರ್ಸ್‌ಗಳಿದ್ದಾರೆ, ಇನ್ನೂ 58 ಲಕ್ಷ ಕೊರತೆಯಿದೆ ಎಂದು ಲೆಕ್ಕ ಹಾಕಿದೆ. ಇಂಥ ಕಾಲದಲ್ಲಿ ಒಬ್ಬಳು ಬಿಟ್ಟುಹೋದರೆ ಆ ಜಾಗಕ್ಕೆ ಜಾಹೀರಾತು, ಸಂದರ್ಶನ, ಹೊಸಬಳಿಗೆ ತಿಂಗಳುಗಟ್ಟಲೆ ತರಬೇತಿ, ಅಲ್ಲಿಯವರೆಗೆ ಉಳಿದವರ ಹೆಚ್ಚುವರಿ ಗಂಟೆಗಳು. ಇದನ್ನು ಒಮ್ಮೆ ಕೂಡಿಸಿ ನೋಡಿ, ಓದಿಗೆ ಕೊಡುವ ನೆರವಿನ ಪಕ್ಕದಲ್ಲಿಡಿ. ಕೂಡಿಸಲು ಬರುವವರು ಬೇಕಿದ್ದರೆ ನಮ್ಮಲ್ಲಿ ಈಗ ಇದ್ದಾರೆ.

ಅನುಭವವೇ ಸಾಕು, ಪದವಿ ಏಕೆ ಎನ್ನುವ ಮಾತಿಗೆ ನನ್ನ ಎಂಟು ತಿಂಗಳ ಖಾಲಿ ರಿಜಿಸ್ಟರ್ ಉತ್ತರ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ಪದವಿಯನ್ನು ಬಡ್ತಿಯ ಜರಡಿ ಮಾಡಿ, ಅದಕ್ಕೆ ಹಣವನ್ನೂ ಸಮಯವನ್ನೂ ಕೊಡದಿದ್ದರೆ ಜರಡಿಯಲ್ಲಿ ಕೆಳಗೆ ಬೀಳುವವರು ಮಕ್ಕಳಿರುವವರು, ಸಾಲವಿರುವವರು, ಹದಿನೈದು ವರ್ಷ ರಾತ್ರಿ ಪಾಳಿ ಮಾಡಿದವರು. ಪುಸ್ತಕ ಮಾತ್ರ ಓದಿ, ವಾರ್ಡಿನಲ್ಲಿ ಎರಡು ಮಳೆಗಾಲವನ್ನೂ ಕಳೆಯದವರು ಮೇಲೆ ಉಳಿಯುತ್ತಾರೆ. ಅಂಥ ಮುಖ್ಯಸ್ಥರ ಕೈಕೆಳಗೂ ನಾನು ದುಡಿದಿದ್ದೇನೆ. ಅವರಿಗೆ ಅಂಕಿ ಗೊತ್ತಿತ್ತು, ವಾಸನೆ ಗೊತ್ತಿರಲಿಲ್ಲ. ಆದ್ದರಿಂದ ಬಡ್ತಿಯ ಆದೇಶಕ್ಕೆ ಒಂದು ವರ್ಷ ಮೊದಲೇ ಆಯ್ಕೆ ಮಾಡಿ. ಆಯ್ಕೆಯಾದವರ ಪಾಳಿಯಿಂದ ವಾರಕ್ಕೆ ಒಂದು ದಿನವನ್ನು ಓದಿಗೆ ಬಿಡುಗಡೆ ಮಾಡಿ, ಸಂಬಳ ಕಡಿಯಬೇಡಿ. ಹಿಂದಿನವರು ಹೋಗುವ ದಿನವಲ್ಲ, ಅದಕ್ಕೂ ಮೂರು ತಿಂಗಳ ಹಿಂದೆ ಇಬ್ಬರನ್ನೂ ಜೊತೆಗೆ ಕೂರಿಸಿ. ಓದಿ ಬಂದವಳಿಗೆ ಒಂದು ಬಜೆಟ್ ಕೊಡಿ, ಚಿಕ್ಕದಾದರೂ ಸರಿ, ಅವಳ ಸಹಿಯಿಂದಲೇ ನಡೆಯುವಂಥದ್ದು. ತಪ್ಪು ಮಾಡಿದರೆ ಮೆಮೊ ಕೊಡುವ ಮುನ್ನ ತಟ್ಟೆಯನ್ನು ನೋಡಿ.

ಇನ್ನು ಕೆಲವೇ ತಿಂಗಳಲ್ಲಿ ನಾನೂ ನಿವೃತ್ತಳಾಗುತ್ತೇನೆ. ಹನ್ನೊಂದು ಕೀಲಿಕೈಗಳಲ್ಲಿ ಈಗ ಒಂಬತ್ತು ಉಳಿದಿವೆ; ಎರಡು ಬೀಗಗಳ ಜಾಗಕ್ಕೆ ಸಂಕೇತ ಸಂಖ್ಯೆ ಬಂದಿದೆ. ಮುಂದಿನ ಇನ್‌ಚಾರ್ಜ್ ಯಾರೆಂದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಹಿಂದೊಮ್ಮೆ ನಾನು ಮೆಮೊ ಕೊಟ್ಟವಳೇ ಅವಳು. ವರ್ಷಗಳ ನಂತರ ಇದೇ ವಾರ್ಡಿಗೆ ತಾನಾಗಿ ಕೇಳಿಕೊಂಡು ಮರಳಿದವಳು. ಸ್ನಾತಕೋತ್ತರ ಓದಿಗೆ ವಾರಕ್ಕೊಂದು ದಿನದ ಬಿಡುಗಡೆ ಕೋರಿ ಅವಳು ಬರೆದ ಅರ್ಜಿ, ಅದರೊಂದಿಗೆ ಆ ದಿನ ಅವಳ ಜಾಗವನ್ನು ಯಾರು ತುಂಬಬೇಕು ಎಂದು ನಾನೇ ಹಾಕಿದ ಲೆಕ್ಕ, ಎರಡೂ ನಿಮ್ಮಂಥ ಒಂದು ಮಂಡಳಿಯ ಮೇಜಿನ ಮೇಲೆ ಏಳು ವಾರಗಳಿಂದ ಇವೆ. ಪ್ರವೇಶದ ಕೊನೆಯ ದಿನಾಂಕ ಹತ್ತಿರ ಬರುತ್ತಿದೆ. ದಯವಿಟ್ಟು ಸಹಿ ಮಾಡಿ.

ಇಂತಿ,
ಒಬ್ಬ ವಾರ್ಡ್ ಇನ್‌ಚಾರ್ಜ್